ರಷ್ಯಾದ ರಾಣಿಗೆ ಒಂದು ಲೋಟ ನೀರು

ಯಾರಾದರೂ ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಸಾಕು, ನಮಗೆ ಡಚ್ ಕಲಿಸುತ್ತಿದ್ದ ಹಿರಿಯಾಕೆ ಎರಡೂ ಕಿವಿಗಳಿಂದ ಶ್ರವಣಯಂತ್ರ ತೆಗೆದು ಎದುರಿಗಿದ್ದ ಕಾಫಿ ಸಾಸರಿನಲ್ಲಿ ಇಟ್ಟುಬಿಡುತ್ತಿದ್ದರು. ಕಡಲೆಕಾಳಿನಂಥ ಆ ಎರಡು ಯಂತ್ರಗಳು ಚಮಚದ ಪಕ್ಕ ಬಿದ್ದುಕೊಂಡು ಸಣ್ಣಗೆ ಕುಂಯ್ ಅನ್ನುತ್ತಿದ್ದವು. ಅವರು ಮಾತ್ರ ನೀಲಿ ಕಣ್ಣು ಅರಳಿಸಿ, ಏನೂ ಕೇಳಿಸದವರ ಹಾಗೆ ನಗುತ್ತ ಕೂತಿರುತ್ತಿದ್ದರು. ಮಾತು ಡಚ್ಚಿಗೆ ಹೊರಳಿದೆ ಎಂದು ನಮ್ಮ ತುಟಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಯಂತ್ರಗಳು ಮತ್ತೆ ಕಿವಿ ಸೇರುತ್ತಿದ್ದವು. ಡಚ್ಚರ ನಾಡಿನ ಐಂಡ್‌ಹೋವನ್ ಊರಿನ ಲೈಬ್ರರಿಯಲ್ಲಿ ಬುಧವಾರ ಬೆಳಿಗ್ಗೆ ಡಚ್ ಕಲಿಯುವವರ ಕೂಟ ಸೇರುತ್ತಿತ್ತು. ಅಲ್ಲಿಗೆ ಮೊದಲ ಸಲ ಹೋದ ದಿನ ನಾನು ಆಡಿದ್ದೆಲ್ಲ ಇಂಗ್ಲಿಷೇ. ಹೀಗಾಗಿ ಅವರು ನನ್ನ ದನಿಯನ್ನು ಸರಿಯಾಗಿ ಕೇಳಿದ್ದು ಮುಂದಿನ ವಾರವೇ.

ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಎಂಬತ್ತರ ಹತ್ತಿರದ ವಯಸ್ಸು, ಬಾಗಿಲ ಚೌಕಟ್ಟಿಗೆ ತಲೆ ತಾಗುವಂಥ ಎತ್ತರ. ಗಂಡ ತೀರಿಹೋಗಿದ್ದರು. ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬರೇ ಇದ್ದರು. ಎದುರುಗಾಳಿಯಲ್ಲೂ ಬೆನ್ನು ಬಗ್ಗಿಸದೆ ಸೈಕಲ್ ಹೊಡೆಯುತ್ತಿದ್ದರು. ತನ್ನನ್ನು ಹೆಸರು ಹಿಡಿದು ಕರೆ ಎಂದು ಬಹಳ ಹೇಳಿದರು. ನಮ್ಮ ಕಡೆ ಅಜ್ಜಿಯ ವಯಸ್ಸಿನವರನ್ನು ಹಾಗೆ ಕರೆದರೆ ಹಿರಿಯರು ಬೆನ್ನಿಗೆ ಎರಡು ಬಾರಿಸುತ್ತಾರೆ. ನನ್ನ ಬಾಯಿಗೆ ಅದು ಬರಲೇ ಇಲ್ಲ. ಇಲ್ಲಿನವರು ಅಮ್ಮಾವ್ರು ಅನ್ನುವಂತೆ ‘ಮೆವ್ರೌ’ ಅನ್ನುತ್ತಾರೆ. ಕೊನೆಯವರೆಗೂ ಅವರು ನನಗೆ ಮೆವ್ರೌ ಆಗಿಯೇ ಉಳಿದರು.

ನಾನು ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನನ್ನವರಿಗೆ ಇಲ್ಲಿ ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಮಗಳನ್ನು ಕಟ್ಟಿಕೊಂಡು ಬಂದೆವು. ಈ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹೆರಿಗೆಯಾದ ಮನೆಗೆ ಒಬ್ಬ ಆರೈಕೆಯವಳು ದಿನಾ ಬಂದು, ಒಂದು ವಾರದ ಮಟ್ಟಿಗೆ ತಾಯಿ-ಕೂಸು ಇಬ್ಬರನ್ನೂ ನೋಡಿಕೊಳ್ಳುತ್ತಾಳೆ. ಹಾಲೂಡಿಸುವುದನ್ನು ಹೇಳಿಕೊಡುತ್ತಾಳೆ, ಹೊಲಿಗೆ ನೋಡುತ್ತಾಳೆ, ಬಟ್ಟೆಯನ್ನೂ ಒಗೆದು ಹಾಕುತ್ತಾಳೆ. ಇದನ್ನು ಕೇಳಿದಾಗ ನನ್ನ ಕೈ ತುರಿಸಿತು. ನನ್ನ ಕೆಲಸವೇ ಇದು! ಆದರೆ ಅರ್ಜಿ ಹಾಕಿದ ಸಂಸ್ಥೆಯವರು, ಮೊದಲು ಡಚ್ ಮಾತಾಡುವುದನ್ನು ಕಲಿತು ಬಾ ಅಂದರು. ನೋವಿನಲ್ಲಿರುವ ಹೆಂಗಸು ತನ್ನ ಭಾಷೆಯಲ್ಲೇ ಅಳುತ್ತಾಳೆ ಅಂದರು. ಅದು ನಿಜ, ನನಗೆ ಗೊತ್ತು.

ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ. ಅಂಗಡಿಗೆ ಹೋಗುವಾಗ ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಹೋಗುವುದು, ಎರಡನೇ ಶಬ್ದಕ್ಕೇ ಕೌಂಟರಿನ ಹುಡುಗಿ ಇಂಗ್ಲಿಷಿಗೆ ಹೊರಳುವುದು, ನಾನು ಕಟ್ಟಿಕೊಂಡ ವಾಕ್ಯ ಹೊತ್ತು ಹಾಗೆಯೇ ಮನೆಗೆ ಬರುವುದು. ಇವರು ಮರ್ಯಾದೆಗಾಗಿ ಹೀಗೆ ಮಾಡುತ್ತಾರೆಂದು ಗೊತ್ತಿದ್ದರೂ ಸಿಟ್ಟು ಬರುತ್ತಿತ್ತು. ಏಳು ವರ್ಷದ ಮಗಳು ಶಾಲೆಯಿಂದ ಬಂದು ಡಚ್ಚಿನಲ್ಲಿ ಪಟಪಟ ಉದುರಿಸುವಾಗ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಮೆವ್ರೌ ಕಲಿಸುವ ರೀತಿಯೇ ಬೇರೆ. ಪಾಠದ ಪುಸ್ತಕದಲ್ಲಿನ ‘ಸ್ಟೇಷನ್ ಎಲ್ಲಿದೆ?’ ‘ಸೇಬಿಗೆ ಎಷ್ಟು?’ ಎಂಬ ಮಾತುಗಳನ್ನು ಅವರು ಮೂಸಿ ನೋಡುತ್ತಿರಲಿಲ್ಲ. ಅವರ ಬಳಿ ಇದ್ದದ್ದು ಒಂದೇ ಪಾಠ: ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಬದುಕು. ವಾರಕ್ಕೆ ಒಂದು ತುಣುಕು ಹೇಳುವರು. ಮುಂದಿನ ವಾರ ನಾವು ಅದನ್ನು ತಿರುಗಿ ಹೇಳಬೇಕು. ಅದಕ್ಕೊಂದು ಕಟ್ಟಳೆಯಿತ್ತು. ಅವರು ಈ ದೇಶದ ದಕ್ಷಿಣಕ್ಕಿರುವ ಬ್ರಾಬಾಂಟ್ ಸೀಮೆಯವರು, ಡಚ್ಚನ್ನು ಮೆತ್ತಗೆ ಎಳೆದು ಆಡುವವರು. ನನ್ನ ನೆನಪಿನಲ್ಲಿ ಅವರ ಮಾತೆಲ್ಲ ಹುಬ್ಬಳ್ಳಿ ಮಾತಾಗಿಯೇ ಕೇಳಿಸುತ್ತದೆ, ಹಾಗೆಯೇ ಬರೆಯುತ್ತೇನೆ.

“ಕ್ಯಾಥರೀನ್ ಹಿಂಗ ಮಾಡಿದ್ಲು ಅಂತ ಹೇಳಬ್ಯಾಡ. ‘ನಾ ಹಿಂಗ ಮಾಡಿದೆ’ ಅಂತ ಹೇಳು. ತಪ್ಪಾದ್ರ ಆಕಿ ತಪ್ಪು, ನಿಂದಲ್ಲ. ಆಕಿ ಸತ್ತು ಎರಡು ನೂರು ವರ್ಷದ ಮ್ಯಾಲಾತು, ನಾಚಿಕಿ ಪಡೂದಿಲ್ಲ.”

ಹೀಗೆ ಹುಬ್ಬಳ್ಳಿಯ ನಾನು ಬುಧವಾರಕ್ಕೊಮ್ಮೆ ರಷ್ಯಾದ ರಾಣಿಯಾದೆ. ‘ನಾನು ಜರ್ಮನ್ ಸೀಮೆಯ ಒಂದು ಸಣ್ಣ ಅರಸು ಮನೆತನದಲ್ಲಿ ಹುಟ್ಟಿದೆ. ನನ್ನ ಹೆಸರು ಸೋಫಿ. ಹದಿನಾಲ್ಕನೇ ವಯಸ್ಸಿಗೆ ನನ್ನನ್ನು ರಷ್ಯಾಕ್ಕೆ ಕರೆತಂದರು, ಪಟ್ಟಕ್ಕೆ ಬರುವ ಹುಡುಗನಿಗೆ ಮದುವೆ ಮಾಡಲು. ಧರ್ಮ ಬದಲಿಸಿದರು, ಹೆಸರು ಬದಲಿಸಿದರು. ಭಾಷೆ ಮಾತ್ರ ನಾನೇ ಕಲಿಯಬೇಕಿತ್ತು. ಥಂಡಿಯಲ್ಲಿ ಬರಿಗಾಲಲ್ಲಿ ಅಡ್ಡಾಡುತ್ತ ಬಾಯಿಪಾಠ ಮಾಡಿದೆ, ನ್ಯುಮೋನಿಯಾ ಬಂದು ಸಾಯುವ ಹಾಗಾದೆ.’ ತಡವರಿಸಿದಾಗಲೆಲ್ಲ ಮೆವ್ರೌ ಮುಂದೆ ಬಾಗಿ ಒಂದೇ ಮಾತು ಕೇಳುವರು: “ಆಮ್ಯಾಲೆ?” ತಪ್ಪನ್ನು ತಿದ್ದುತ್ತಿರಲಿಲ್ಲ. ಇಸವಿ ತಪ್ಪಿದರೆ ಮಾತ್ರ ಮೇಜು ಕುಟ್ಟಿ ನಿಲ್ಲಿಸುವರು. ವ್ಯಾಕರಣ ಹಾಳಾದರೂ ಚಿಂತೆಯಿಲ್ಲ, ಇತಿಹಾಸ ಹಾಳಾಗಬಾರದು.

“ಆಕಿ ರಷ್ಯನ್ ಮಾತಿಗೆ ಕಡೀತನಕ ಜರ್ಮನ್ ವಾಸನಿ ಹೋಗಲಿಲ್ಲ,” ಅನ್ನುವರು. “ಅಂಥಾ ಮಾತಿನಾಗ ಮೂವತ್ನಾಕು ವರ್ಷ ರಾಜ್ಯ ಆಳಿದ್ಲು. ನಿನಗ ಅಂಗಡ್ಯಾಗ ಬ್ರೆಡ್ ಕೇಳಾಕ ಆಗೂದಿಲ್ಲೇನ?”

ಮನೆಯಲ್ಲಿ ನನ್ನವರಿಗೆ ಇದೊಂದು ಮೋಜು. ನಮ್ಮಿಬ್ಬರ ಜಗಳ ಕನ್ನಡದಲ್ಲಿ, ರಾಜಿ ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ.

“ನೌಕರಿ ಬಾಣಂತ್ಯಾರ ಸೇವಾದ್ದು,” ಅಂದರು ಒಂದು ಸಂಜೆ. “ಅಜ್ಜಿ ಕಲಸಾಕತ್ತಿದ್ದು ಗಾದಿ ಹ್ಯಾಂಗ ಹಿಡೀಬೇಕಂತ. ಆ ರಾಣಿ ಗಂಡಗ ಏನಾತು?”

“ಅಂವ ಗಾದಿ ಏರಿ ಆರು ತಿಂಗಳಾಗಿತ್ರೀ. ಈಕಿ ಸಿಪಾಯಿ ಅಂಗಿ ತೊಟ್ಟು, ಕುದರಿ ಹತ್ತಿ ಹೋಗಿ ಗಾದಿ ಇಳಿಸಿದ್ಲು. ಆಮ್ಯಾಲೆ ಎಂಟು ದಿನದಾಗ ಸತ್ತ.”

“ಇವತ್ತ ಭಾಂಡೆ ನಾನೇ ತಿಕ್ಕತೀನಿ,” ಎಂದು ಅವರು ಎದ್ದು ಹೋದರು.

ಮೆವ್ರೌ ರಾಣಿಯನ್ನು ಹೊಗಳುವವರೇನಲ್ಲ. ಅವಳು ಸಿಡುಬಿನ ಕೀವು ಚುಚ್ಚುವ ಆ ಕಾಲದ ಲಸಿಕೆಯನ್ನು ಮೊದಲು ತನ್ನ ತೋಳಿಗೇ ಹಾಕಿಸಿಕೊಂಡದ್ದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಮುಂದಿನ ವಾರವೇ, ಆಸ್ಥಾನದವರಿಗೆ ಅವಳು ಹೊಲದ ಜೊತೆ ಸಾವಿರಾರು ಜೀತದ ರೈತರನ್ನೂ ಇನಾಮು ಕೊಟ್ಟದ್ದನ್ನು ಅದೇ ದನಿಯಲ್ಲಿ ಹೇಳಿದರು. ಇದೆಂಥ ರಾಣಿ, ಇವಳನ್ನು ಯಾಕೆ ಇಷ್ಟಪಡುತ್ತೀರಿ ಎಂದು ನಾನು ರೇಗಿದೆ. “ಆಕಿನ್ನ ಪ್ರೀತಿ ಮಾಡ್ತೀನಿ. ಮಾಫ್ ಮಾಡಿಲ್ಲ. ಎರಡೂ ಕೂಡೇ ಇಟ್ಕೊಳ್ಳಾಕ ಬರತದ,” ಅಂದರು. ಇನ್ನೊಮ್ಮೆ, ಕೂಟಕ್ಕೆ ಬರುತ್ತಿದ್ದ ಒಬ್ಬ ಗಂಡಸು ರಾಣಿಯ ಸಾವಿನ ಬಗ್ಗೆ ಜನ ಕಟ್ಟಿದ ಒಂದು ಹೊಲಸು ಕತೆ ತೆಗೆದು ಕಿಸಕ್ಕೆಂದ. ಅವನು ಆಡಿದ್ದು ಅಚ್ಚ ಡಚ್ಚೇ. ಆದರೂ ಮೆವ್ರೌ ಎರಡೂ ಯಂತ್ರ ತೆಗೆದು ಸಾಸರಿನಲ್ಲಿಟ್ಟರು; ಅವನು ಕ್ಷಮೆ ಕೇಳುವ ತನಕ ಹಾಕಿಕೊಳ್ಳಲಿಲ್ಲ.

ಆ ವರ್ಷದ ಕೊನೆಗೆ ಆರೈಕೆ ಸಂಸ್ಥೆಯವರು ನನ್ನನ್ನು ಸಂದರ್ಶನಕ್ಕೆ ಕರೆದರು. ಇಬ್ಬರು ಹೆಂಗಸರು, ಒಂದು ಮೇಜು, ನಾನು. ಮೊದಲ ಪ್ರಶ್ನೆಗೇ ನಾಲಿಗೆ ಅಂಗುಳಕ್ಕೆ ಅಂಟಿತು. ಪಾಪ, ಅವರು ಕರುಣೆಯಿಂದ ಇಂಗ್ಲಿಷಿಗೆ ಹೊರಳಿದರು. ಅಲ್ಲಿಗೆ ಮುಗಿಯಿತು. ವಸಂತದಲ್ಲಿ ಇನ್ನೊಂದು ಸಲ ಬರಬಹುದು, ಅದೇ ಕೊನೆಯದು ಎಂದು ಹೇಳಿ ಕಳಿಸಿದರು.

ಅಳುತ್ತಲೇ ಸೈಕಲ್ ತುಳಿದು ಮೆವ್ರೌ ಮನೆಗೆ ಹೋದೆ. ಮೊದಲೇ ಹೇಳದೆ ಯಾರ ಮನೆಗೂ ಹೋಗಬಾರದ ದೇಶವಿದು. ಆದರೂ ಅವರು ಬಾಗಿಲು ತೆರೆದು ಕಾಫಿ ಇಟ್ಟರು. ಡಬ್ಬಿ ತೆರೆದು ಒಂದೇ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಮುಚ್ಚಿದರು. ಒಂದಕ್ಕಿಂತ ಹೆಚ್ಚು ಕೊಟ್ಟದ್ದು ಪಾಠದಲ್ಲಿ ಕ್ಯಾಥರೀನ್ ಪಟ್ಟಕ್ಕೇರಿದ ದಿನ ಮಾತ್ರ. ಆಮೇಲೆ ಹೇಳಿದರು: ರಾಣಿ ಒಮ್ಮೆ ಆ್ಯಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಹೆಸರಾಂತ ಡಚ್ ಚಿತ್ರಗಳನ್ನು ಕೊಂಡಿದ್ದಳು. ಅವನ್ನು ಹೊತ್ತ ಹಡಗು ದಾರಿಯಲ್ಲಿ ಬಂಡೆಗೆ ಬಡಿದು ಮುಳುಗಿತು. ಹುಡುಕಿಸಿದಳು, ಸಿಗಲಿಲ್ಲ. ಹಾಗಂತ ಚಿತ್ರ ಕೊಳ್ಳುವುದನ್ನು ಬಿಡಲಿಲ್ಲ.

“ನಿನ್ನ ಹಡಗ ಮುಳುಗೇತಿ,” ಅಂದರು. “ಮುಂದಿನ ಹಡಗ ತಯಾರ ಮಾಡೂಣು. ನಾಳಿಂದ ಇಲ್ಲೇ ಬಾ, ಲೈಬ್ರರಿ ಸಾಕು.”

ಹೀಗೆ ಅವರ ಮನೆಯ ಪರದೆಯಿಲ್ಲದ ದೊಡ್ಡ ಕಿಟಕಿಯ ಮುಂದೆ ನಮ್ಮ ಪಾಠ ಶುರುವಾಯಿತು. ಕತೆ ಮುಗಿದು ಹೋಗಿತ್ತಲ್ಲ, ಇನ್ನೇನು ಎಂದೆ. ಒಂದು ಪ್ರಸಂಗವನ್ನು ತಾನು ಲೈಬ್ರರಿಯಲ್ಲಿ ಎಂದೂ ಹೇಳುವುದಿಲ್ಲ, ಅದನ್ನು ಹೇಳುತ್ತೇನೆ ಅಂದರು.

ಅದು ಕ್ಯಾಥರೀನಳ ಚೊಚ್ಚಲ ಹೆರಿಗೆ. ಆಗ ಆಳುತ್ತಿದ್ದವಳು ಅವಳ ಗಂಡನ ಚಿಕ್ಕಮ್ಮ, ಮಹಾರಾಣಿ ಎಲಿಜಬೆತ್. ನೆಲದ ಮೇಲಿನ ಹಾಸಿಗೆಯಲ್ಲಿ ಹೆರಿಗೆಯಾಯಿತು, ಗಂಡು ಕೂಸು. ಮೀಯಿಸಿ ಬಟ್ಟೆ ಸುತ್ತಿದ ಕೂಡಲೇ ಮಹಾರಾಣಿ ಕೂಸನ್ನು ಎತ್ತಿಸಿಕೊಂಡು ತನ್ನ ಕೋಣೆಗೆ ಹೋದಳು. ಸೂಲಗಿತ್ತಿಯೂ ಹಿಂದೆಯೇ ಹೋದಳು. ಕೂಸನ್ನು ತಾಯಿಗೆ ತೋರಿಸಿದ್ದು ನಲವತ್ತು ದಿನದ ಮೇಲೆ. ಹೆತ್ತವಳು ಬೆವರಿನಲ್ಲಿ ತೊಯ್ದು, ಬಾಗಿಲು ಕಿಟಕಿಗಳ ನಡುವಿನ ಗಾಳಿಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದಳು. ಬಟ್ಟೆ ಬದಲಿಸಿ ಅಂದಳು, ಯಾರೂ ಮುಟ್ಟಲಿಲ್ಲ. ನೀರು ಕೊಡಿ ಅಂದಳು. ಪಕ್ಕದಲ್ಲಿದ್ದ ಹೆಂಗಸು ಕೊಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ಹುಬ್ಬಳ್ಳಿ ವಾರ್ಡಿನಲ್ಲಿ ನಾನು ದಿನಾ ಹೊಡೆದಾಡಿದ್ದೇ ಈ ನೀರಿಗಾಗಿ. ಹಸಿ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ಥಂಡಿ ಆಗುತ್ತದೆ ಎಂದು ಅತ್ತೆಯಂದಿರು ಲೋಟವನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದರು. ಒಣಗಿದ ತುಟಿ ನೆಕ್ಕಿಕೊಂಡು ನನ್ನ ಸೆರಗು ಹಿಡಿದ ಹುಡುಗಿಯರೆಷ್ಟೋ. ಇದೆಲ್ಲವನ್ನೂ ನಾನು ಎದ್ದು ನಿಂತು ಹೇಳಿದೆ. ಅತ್ತೆಯಂದಿರನ್ನು ಬೈದೆ, ರಷ್ಯಾದ ಸೂಲಗಿತ್ತಿಯನ್ನು ಬೈದೆ, ಮಹಾರಾಣಿಯನ್ನೂ ಬಿಡಲಿಲ್ಲ. ಬಾಯಿ ಒಣಗಿ ಕೂತಾಗ ಮೆವ್ರೌ ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು: ಅಷ್ಟು ಹೊತ್ತೂ ನಾನು ಬೈದದ್ದು ಡಚ್ಚಿನಲ್ಲಿ.

“ನೀ ಅಲ್ಲಿದ್ದಿದ್ರ ಏನ ಮಾಡ್ತಿದ್ದಿ?” ಎಂದು ಕೇಳಿದರು.

“ಮೊದಲ ನೀರು ಕೊಡ್ತಿದ್ದೆ. ಆಮ್ಯಾಲೆ ಆ ರಾಣಿ ಬೆನ್ನ ಹತ್ತಿ ಹೋಗಿ ಕೂಸು ಇಸ್ಕೊಂಡು ಬರ್ತಿದ್ದೆ ರೀ.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಕತೆ ಮುಂದುವರಿಸಿದರು, ತಮ್ಮದೇ ಕಟ್ಟಳೆಯಂತೆ. “ನಾ ಕೇಳಿದೆ, ನನ್ನ ಕೂಸ ಎಲ್ಲೈತಿ ಅಂತ. ಬಿಳಿ ಬಟ್ಟಿಯೊಳಗ ಸುತ್ತಿ ಒಯ್ದರು. ನನಗ ತೋರಸಲಿಲ್ಲ.”

“ನಲವತ್ತು ದಿನದ ಮ್ಯಾಲೆ ತೋರಸಿದರು ಅಂದ್ರೆಲ್ಲ ರೀ?” ಎಂದು ನಾನು ತಿದ್ದಿದೆ.

“ಆಕಿಗೆ ತೋರಸಿದರು,” ಅಂದರು ಮೆವ್ರೌ. “ನನಗ ತೋರಸಲಿಲ್ಲ.”

ಹೆರಿಗೆಯಾದಾಗ ಮೆವ್ರೌಗೆ ಇಪ್ಪತ್ತರ ಆಸುಪಾಸು. ಕೂಸು ಹುಟ್ಟುವಾಗಲೇ ಸತ್ತಿತ್ತು ಎಂದು ಹೇಳಿದರಂತೆ. ನೋಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ಬೇಗ ಮರೆಯಲಿ ಎಂದು ಆ ಕಾಲದಲ್ಲಿ ತಾಯಿಗೆ ತೋರಿಸುತ್ತಲೇ ಇರಲಿಲ್ಲವಂತೆ. ಚರ್ಚಿನ ಜ್ಞಾನಸ್ನಾನ ಆಗದ ಕೂಸೆಂದು ಸ್ಮಶಾನದ ಬೇಲಿಯ ಅಂಚಿಗೆ ಎಲ್ಲೋ ಹುಗಿದರು. ಗುರುತಿಗೆ ಒಂದು ಕಲ್ಲೂ ಇಲ್ಲ. ಹೆಣ್ಣೋ ಗಂಡೋ ಎಂದು ಕೇಳಿದ್ದಕ್ಕೆ, ಅದನ್ನೆಲ್ಲ ತಿಳಿದುಕೊಂಡು ಏನು ಮಾಡುತ್ತೀಯ ಅಂದರಂತೆ ಅಲ್ಲಿನ ನರ್ಸಮ್ಮ. ಮುಂದೆ ಮಕ್ಕಳಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಪಾಠಕ್ಕೆಂದು ಓದುತ್ತಿದ್ದಾಗ ಈ ರಾಣಿಯ ಹೆರಿಗೆಯ ಪ್ರಸಂಗ ಸಿಕ್ಕಿತು. ಅಲ್ಲಿಂದ ಅವಳನ್ನು ಬಿಡಲಿಲ್ಲ.

ನಾನು ಎದ್ದೆ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಪೂರ್ತಿ ಕುಡಿದರು.

ವಸಂತದಲ್ಲಿ ಮತ್ತೆ ಅದೇ ಇಬ್ಬರು ಹೆಂಗಸರು, ಅದೇ ಮೇಜು. ಈ ಕೆಲಸವೇ ಯಾಕೆ ಬೇಕು ಎಂದು ಕೇಳಿದರು. ನಾನು ಉಸಿರೆಳೆದುಕೊಂಡು ಶುರುಮಾಡಿದೆ: “ನಾನು ಹೆತ್ತು ನೆಲದ ಮೇಲೆ ಬಿದ್ದಿದ್ದೆ. ನನ್ನ ಕೂಸನ್ನು ಒಯ್ದಿದ್ದರು. ನೀರು ಕೇಳಿದೆ, ಯಾರೂ ಕೊಡಲಿಲ್ಲ.” ಮೇಜಿನಾಚೆ ಪೆನ್ನು ನಿಂತಿತು. ಒಬ್ಬಾಕೆಯ ಕಣ್ಣು ತುಂಬಿದವು. ಆಕೆ ನನ್ನ ಕೈ ಹಿಡಿದು, “ಎಲ್ಲಿ ನಡೆದದ್ದು ಇದು? ನಿಮ್ಮ ಊರಲ್ಲೇ?” ಅಂದಾಗಲೇ ನನಗೆ ಎಚ್ಚರವಾದದ್ದು. ಹುಬ್ಬಳ್ಳಿಯ ಮಾನ ಹರಾಜಿಗೆ ಬಿದ್ದಿತ್ತು! “ಅಯ್ಯೋ, ನಾನಲ್ಲ! ರಷ್ಯಾದ ಸಾಮ್ರಾಜ್ಞಿ,” ಅಂದೆ. ಇಬ್ಬರೂ ಬಿಟ್ಟ ಬಾಯಿ ಮುಚ್ಚಲಿಲ್ಲ. ಆಮೇಲೆ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ನಾನು ವಾರ್ಡಿನ ಲೋಟಗಳ ಕತೆ ಹೇಳಿದೆ; ಇಂಗ್ಲಿಷಿಗೆ ಯಾರೂ ಹೊರಳಲಿಲ್ಲ. ಬೇಸಿಗೆಯಿಂದ ಹಿರಿಯಳೊಬ್ಬಳ ಜೊತೆ ಕೆಲಸಕ್ಕೆ ಬಾ ಅಂದರು.

ಇಲ್ಲಿ ಕೂಸು ಹುಟ್ಟಿದ ಮನೆಯಲ್ಲಿ ಬಂದವರಿಗೆಲ್ಲ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಹಚ್ಚಿದ ಸೋಂಪಿನ ಕಾಳು ಉದುರಿಸಿ ಕೊಡುತ್ತಾರೆ. ಹೆಣ್ಣಾದರೆ ಗುಲಾಬಿ ಕಾಳು, ಗಂಡಾದರೆ ನೀಲಿ. ನನಗೆ ಕೆಲಸ ಸಿಕ್ಕ ಸುದ್ದಿ ಕೇಳಿ ಮೆವ್ರೌ ಬಿಸ್ಕತ್ತಿನ ಡಬ್ಬಿ ತೆಗೆಯಲಿಲ್ಲ, ಅಡುಗೆಮನೆಯಿಂದ ಈ ರಸ್ಕುಗಳ ತಟ್ಟೆ ತಂದರು. ಎರಡೂ ಬಣ್ಣದ ಕಾಳು ಬೆರೆತಿದ್ದವು. ಯಾಕೆಂದು ನಾನು ಕೇಳಲಿಲ್ಲ. ಅವರೂ ಒಂದು ತಿಂದರು, ನನಗೆ ಮೂರು ತಿನ್ನಿಸಿದರು.

ಆ ಹೊತ್ತಿಗಾಗಲೇ ಅವರ ಮೈಯೊಳಗೆ ಕ್ಯಾನ್ಸರ್ ಹಬ್ಬಿತ್ತು. ಹಲ್ಲಿನ ಡಾಕ್ಟರ ಸರದಿ ಹೇಳುವಷ್ಟೇ ಸಲೀಸಾಗಿ ಅದನ್ನು ಹೇಳಿದರು. ಶರತ್ಕಾಲಕ್ಕೆ ಸೈಕಲ್ ನಿಂತಿತು. ಚಳಿ ಬೀಳುವ ಹೊತ್ತಿಗೆ ಮಂಚವನ್ನು ಆ ದೊಡ್ಡ ಕಿಟಕಿಯ ಮುಂದೆಯೇ ತಂದು ಹಾಕಿದ್ದರು. ತಂಗಿಯ ಮಗಳು ಬಂದು ಜೊತೆಗಿದ್ದಳು. ನಾನು ಕೆಲಸ ಮುಗಿಸಿ ಬರುವಾಗ ಒಂದು ಗಳಿಗೆ ಕೂತು, ಅವತ್ತು ನೋಡಿದ ಕೂಸಿನ ಸುದ್ದಿ ಹೇಳಿ ಬರುತ್ತಿದ್ದೆ. ತೂಕ ಎಷ್ಟು, ಕೂದಲು ಎಷ್ಟು, ಎಲ್ಲ ಬೇಕು ಅವರಿಗೆ.

ಕೊನೆಯ ಸಲ ಹೋದಾಗ ಅವರು ಕಣ್ಣು ಮುಚ್ಚಿದ್ದರು. ಯಂತ್ರಗಳು ಪಕ್ಕದ ಸಾಸರಿನಲ್ಲಿದ್ದವು. ತುಟಿ ಒಣಗಿತ್ತು. ಒದ್ದೆ ಸ್ಪಂಜಿನ ಕಡ್ಡಿಯಿಂದ ತುಟಿ ತೇವ ಮಾಡಿ, ಯಂತ್ರಗಳನ್ನು ನಾನೇ ಕಿವಿಗೆ ಇಟ್ಟೆ. ಗುರುತು ಹಿಡಿದರು.

“ಹೇಳು,” ಅಂದರು.

“ಯಾವುದು ಹೇಳಲಿ ರೀ?”

“ನೀರಿಂದು.”

ಕಟ್ಟಳೆಯಂತೆ ‘ನಾನು’ ಎಂದೇ ಶುರುಮಾಡಿದೆ. ‘ನಾನು ನೆಲದ ಹಾಸಿಗೆಯಲ್ಲಿ ಮಲಗಿದ್ದೆ. ಕೂಸನ್ನು ಒಯ್ದರು. ಬಾಗಿಲಿಂದ ಗಾಳಿ ಬರುತ್ತಿತ್ತು. ನೀರು ಕೇಳಿದೆ.’ ಯಾರೂ ಕೊಡಲಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ.

“ನಾ ಸೂಲಗಿತ್ತಿ,” ಅಂದೆ. “ನಾ ನೀರು ಕೊಟ್ಟೆ.”

ಅವರು ಕಣ್ಣು ತೆರೆದರು. ಒಂದು ಇಸವಿ ಆಚೀಚೆಯಾದರೂ ಮೇಜು ಕುಟ್ಟುತ್ತಿದ್ದವರು. ಈಗ ತಡೆಯುತ್ತಾರೆ ಎಂದುಕೊಂಡೆ. ನನ್ನ ಮುಖ ನೋಡಿದರು.

“ಆಮ್ಯಾಲೆ?” ಅಂದರು.

“ಆಮ್ಯಾಲೆ ಎದ್ದು ಮಹಾರಾಣಿ ಕ್ವಾಣಿಗೆ ಹೋದೆ.”

“ತಡೀಲಿಲ್ಲ?”

“ತಡದ್ರು. ನಾ ಹುಬ್ಬಳ್ಳಿಯಾಗ ಅತ್ತಿಗೋಳಿಗೇ ಅಂಜಿದಾಕಿ ಅಲ್ಲ, ರಾಣಿಗೆ ಅಂಜತೀನೇನ್ರೀ? ಕೂಸು ಇಸ್ಕೊಂಡು ಬಂದೆ. ತಂದು ನಿಮ್ಮ ಎದಿ ಮ್ಯಾಲೆ ಹಾಕಿದೆ.”

ಹೊದಿಕೆಯ ಮೇಲಿದ್ದ ಅವರ ಎರಡೂ ಕೈ ಮೆಲ್ಲಗೆ ಎದೆಗೆ ಬಂದವು. ಉಸಿರಿನಷ್ಟೇ ಸಣ್ಣ ದನಿಯಲ್ಲಿ ಕೇಳಿದರು: “ಹೆಣ್ಣೋ, ಗಂಡೋ?”

“ನೀವೇ ನೋಡ್ರಿ,” ಅಂದೆ.

ಎರಡು ದಿನಕ್ಕೆ ಅವರು ಹೋದರು. ಅಂತ್ಯಕ್ರಿಯೆ ಮುಗಿದ ಮೇಲೆ ಇಲ್ಲಿನ ರೂಢಿಯಂತೆ ಎಲ್ಲರಿಗೂ ಕಾಫಿ ಕೊಟ್ಟರು. ನನ್ನ ಸಾಸರಿನಲ್ಲಿ ಚಮಚ ಒಂದೇ ಇತ್ತು. ಅವರ ಹಳೆಯ ವಿದ್ಯಾರ್ಥಿಗಳ ನಡುವೆ ನಿಂತು, ಯಾರಿಗೂ ನಾಚದೆ ಅತ್ತುಬಿಟ್ಟೆ.

ಇಲ್ಲಿ ಎಷ್ಟೋ ಹೆಂಗಸರು ಈಗಲೂ ಮನೆಯಲ್ಲೇ ಹೆರುತ್ತಾರೆ. ಸೂಲಗಿತ್ತಿಗೆ ನೆರವಾಗಲು ನಮ್ಮನ್ನು ಕಳಿಸುತ್ತಾರೆ. ಕೂಸು ಹೊರಬಂದ ಮೇಲೆ ನಾನು ಮೊದಲು ತಾಯಿಯ ತುಟಿಗೆ ನೀರಿನ ಲೋಟ ಹಿಡಿಯುತ್ತೇನೆ. ಅವಳು ಏದುಸಿರಿನಲ್ಲೇ, ಹೆಣ್ಣೋ ಗಂಡೋ ಎಂದು ಕೇಳುತ್ತಾಳೆ. ನಾನು ಹೇಳುವುದಿಲ್ಲ. ಕೂಸನ್ನು ಅವಳ ಎದೆಯ ಮೇಲೆ ಇಟ್ಟು, ನೀವೇ ನೋಡಿ ಅನ್ನುತ್ತೇನೆ, ಮೆವ್ರೌ ಕಲಿಸಿದ ಡಚ್ಚಿನಲ್ಲಿ.